ಮೂಕಿ ಭಾರ

ಆಸ್ಟಿನ್‌ನಿಂದ ಫ್ರೆಡೆರಿಕ್ಸ್‌ಬರ್ಗ್ ಕಡೆ ಹೋಗೋ 290ನೇ ಹೆದ್ದಾರಿಯಲ್ಲಿ ಒಂದು ಇಳಿಜಾರು. ನಮ್ಮ ಎಸ್‌ಯುವಿ ಹಿಂದೆ ಎರಡು ವಾರದ ಹಿಂದಷ್ಟೇ ಕೊಂಡ ಟ್ರಾವೆಲ್ ಟ್ರೇಲರ್. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರೋ ಚಕ್ರದ ಮೇಲಿನ ಪುಟ್ಟ ಮನೆ. ಪಕ್ಕದಲ್ಲಿ ಊರಿಂದ ಬಂದಿದ್ದ ಅಪ್ಪ. ಹಿಂದಿನ ಸೀಟಲ್ಲಿ ಅಮ್ಮ, ಹೆಂಡತಿ, ಆರು ವರ್ಷದ ಮಗಳು. ಒಂದು ದೊಡ್ಡ ಲಾರಿ ನಮ್ಮನ್ನು ದಾಟಿ ಹೋಯಿತು. ಅದರ ಗಾಳಿ ತಗುಲಿದ್ದೇ ಟ್ರೇಲರ್ ಒಮ್ಮೆ ಎಡಕ್ಕೆ ಎಳೆಯಿತು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ. ಪ್ರತಿ ಸಲವೂ ಸ್ವಲ್ಪ ಜಾಸ್ತಿ. ಸ್ಟಿಯರಿಂಗ್ ನನ್ನ ಕೈಲಿದೆ, ಆದರೆ ಗಾಡಿ ಓಡಿಸ್ತಿರೋದು ಹಿಂದಿನ ಮನೆ ಅನ್ನೋ ಹಾಗಾಯಿತು.

ಟ್ರೇಲರ್ ಹೀಗೆ ಬಾಲ ಅಲ್ಲಾಡಿಸೋದನ್ನ ಸ್ವೇ ಅಂತಾರೆ. ಓದಿಕೊಂಡಿದ್ದು ಪುಣ್ಯಕ್ಕೆ ನೆನಪಿಗೆ ಬಂತು. ಕಾರಿನ ಬ್ರೇಕ್ ತುಳಿಯಬಾರದು, ಸ್ಟಿಯರಿಂಗನ್ನು ನೇರ ಹಿಡೀಬೇಕು, ಆಕ್ಸಿಲರೇಟರ್‌ನಿಂದ ಕಾಲು ತೆಗೀಬೇಕು, ಡ್ಯಾಶ್‌ಬೋರ್ಡ್ ಕೆಳಗಿರೋ ಸಣ್ಣ ಲಿವರ್ ಒತ್ತಿ ಟ್ರೇಲರಿನ ಬ್ರೇಕನ್ನು ಮಾತ್ರ ಹಾಕಬೇಕು. ಹಾಗೇ ಮಾಡಿದೆ. ನಾಲ್ಕೈದು ಸಲ ಆಡಿ ನಿಂತಿತು. ರಸ್ತೆ ಬದಿಗೆ ಹಾಕಿ ಇಳಿದಾಗ ನನ್ನ ಮೊಣಕಾಲು ನಡುಗ್ತಾ ಇತ್ತು.

ಅಪ್ಪ ಮಾತಾಡದೆ ಗಾಡಿಯನ್ನು ಒಂದು ಸುತ್ತು ಹಾಕಿ ಬಂದರು. ಟ್ರೇಲರಿನ ಹಿಂಬದಿಗೆ ಕಟ್ಟಿದ್ದ ನಾಲ್ಕು ಸೈಕಲ್ ನೋಡಿದರು. ಆಮೇಲೆ ಮುಂದೆ ಬಂದು ಕಾರಿಗೂ ಟ್ರೇಲರಿಗೂ ಕೊಂಡಿ ಹಾಕಿರೋ ಜಾಗ ನೋಡಿದರು.

"ಹಿಂಭಾರ ಆಗೈತೆ ಕಣ್ ಮಗಾ. ಮೂಕಿ ಹಗುರ ಬಿದ್ದೈತೆ."

"ಇಲ್ಲಪ್ಪ, ಇದಕ್ಕೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕ್ಸಿದೀನಿ. ಭಾರ ಅದೇ ಹಂಚುತ್ತೆ. ನೋಡು, ಕಾರು ಎಷ್ಟು ಮಟ್ಟಸವಾಗಿ ನಿಂತಿದೆ."

"ಮಟ್ಟಸವಾಗಿ ನಿಂತಿರೋದೇನೋ ಸರಿ. ಭಾರ ಎಲ್ ಹೋಯ್ತು?"

ನನ್ನ ಹತ್ರ ಉತ್ತರ ಇರಲಿಲ್ಲ. ಆಫೀಸಲ್ಲಿ ದಿನಾ ಲೋಡ್ ಬ್ಯಾಲೆನ್ಸರ್‌ಗಳ ಜೊತೆ ಗುದ್ದಾಡೋನು ನಾನು. ಒಂದು ಸರ್ವರ್ ಮೇಲಿನ ಲೋಡ್ ತೆಗೆದರೆ ಅದು ಇನ್ನೊಂದು ಸರ್ವರ್ ಮೇಲೆ ಬೀಳಲೇಬೇಕು ಅಂತ ಗೊತ್ತು. ಆದರೂ ಅಂಗಡಿಯವನು "ಈ ಟ್ರೇಲರಿಗೆ ಈ ಹಿಚ್" ಅಂತ ಬಿಲ್ಲಿಗೆ ಸೇರಿಸಿದಾಗ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಆ ಪ್ರವಾಸ ಮುಗಿಸಿ ಬಂದ ಮೇಲೆ ಕೆಲವು ವಾರ ಈ ಉಕ್ಕಿನ ತುಂಡಿನ ಚರಿತ್ರೆಯ ಹಿಂದೆ ಬಿದ್ದೆ. ಮೊದಲ ಸಲ ಟ್ರೇಲರ್ ಕೊಳ್ಳೋರು "ಯಾವ ಹಿಚ್ ತಗೊಳ್ಳಲಿ?" ಅಂತ ಕೇಳ್ತಾರೆ. ಅದಕ್ಕೂ ಮೊದಲು ಈ ಹಿಚ್ ಯಾವ ಕಷ್ಟಕ್ಕೆ ಹುಟ್ಟಿತು ಅಂತ ಕೇಳಬೇಕಿತ್ತು.

ಮೊದಲು ಕಷ್ಟವನ್ನೇ ನೋಡೋಣ. ಎತ್ತಿನ ಗಾಡಿ ನೋಡಿದವರಿಗೆ ಇದು ಸುಲಭ. ಎರಡೇ ಚಕ್ರ, ಮಧ್ಯೆ ಅಚ್ಚು, ಮುಂದಕ್ಕೆ ಚಾಚಿದ ಮೂಕಿ, ಅದರ ತುದಿಗೆ ನೊಗ. ಕಬ್ಬನ್ನೋ ಗೊಬ್ಬರವನ್ನೋ ಹೇರುವಾಗ ಅಚ್ಚಿಗಿಂತ ಮುಂದೆ ಸ್ವಲ್ಪ ಜಾಸ್ತಿ ಭಾರ ಇರಬೇಕು. ತೀರಾ ಜಾಸ್ತಿಯಾದರೆ ಎತ್ತಿನ ಹೆಗಲು ಹುಣ್ಣಾಗುತ್ತೆ. ಕಡಿಮೆಯಾದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಎತ್ತಿನ ಗಂಟಲನ್ನೇ ಬಿಗಿಯುತ್ತೆ. ಏರು ಬಂದರೆ ಅಪ್ಪ ಮುಂದಕ್ಕೆ ಸರಿದು ಮೂಕಿ ಮೇಲೆ ಕೂರೋರು, ಇಳಿಜಾರಿನಲ್ಲಿ ಹಿಂದಕ್ಕೆ ಜರುಗೋರು. ಅವರ ಮೈತೂಕವೇ ಗಾಡಿಯ ಕಂಟ್ರೋಲ್ ಸಿಸ್ಟಮ್.

ಅಮೆರಿಕದವರು ಇದೇ ಮೂಕಿಯನ್ನ ನಾಲಿಗೆ ಅಂತ ಕರೀತಾರೆ, ಅದರ ಭಾರ 'ಟಂಗ್ ವೇಟ್'. ಅವರಿಗೆ ನಾಲಿಗೆ, ನಮಗೆ ಮೂಕಿ! ತಮಾಷೆ ಬಿಡಿ, ವಸ್ತು ಒಂದೇ. ಟ್ರಾವೆಲ್ ಟ್ರೇಲರಿನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಮೂಕಿ ಮೇಲೆ ಇರಬೇಕು ಅನ್ನೋದು ಅಲ್ಲಿನ ರೂಢಿಯ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಗಡಿಯಾರದ ಲೋಲಕದ ಹಾಗೆ ಆಡೋಕೆ ಶುರುಮಾಡುತ್ತೆ. ಹಾಗಾಗಿ ಮೂಕಿ ಭಾರವಾಗಿರಲೇಬೇಕು.

ಇನ್ನು ಕಾರಿನ ಕಷ್ಟ. ಎತ್ತಿನ ಹೆಗಲು ಇರೋದು ನೊಗದ ಕೆಳಗೇ. ಕಾರಿನಲ್ಲಿ ಕೊಂಡಿ ಇರೋದು ಹಿಂದಿನ ಚಕ್ರಕ್ಕಿಂತ ಇನ್ನೂ ಹಿಂದೆ, ಬಾಲದ ತುದಿಯಲ್ಲಿ. ನನ್ನ ಕಾರಿನದೇ ಲೆಕ್ಕ ಹೇಳ್ತೀನಿ. ಮುಂದಿನ ಹಿಂದಿನ ಚಕ್ರಗಳ ನಡುವೆ 3 ಮೀಟರ್. ಹಿಂದಿನ ಚಕ್ರದಿಂದ ಕೊಂಡಿಗೆ 1.4 ಮೀಟರ್. ಕೊಂಡಿ ಮೇಲೆ 300 ಕೆ.ಜಿ. ಇಟ್ಟರೆ ಕಾರು ಹಿಂದಿನ ಚಕ್ರದ ಮೇಲೆ ಏತದ ಹಾಗೆ ಹಿಂದಕ್ಕೆ ವಾಲುತ್ತೆ. ಮುಂದಿನ ಚಕ್ರಗಳ ಮೇಲಿಂದ 140 ಕೆ.ಜಿ. ಎದ್ದುಹೋಗುತ್ತೆ, ಹಿಂದಿನ ಚಕ್ರಗಳ ಮೇಲೆ 440 ಕೆ.ಜಿ. ಕೂರುತ್ತೆ. ಕಾರನ್ನು ತಿರುಗಿಸೋದು ಮುಂದಿನ ಚಕ್ರ, ಬ್ರೇಕಿನ ಹೆಚ್ಚಿನ ಕೆಲಸ ಮಾಡೋದೂ ಮುಂದಿನ ಚಕ್ರ. ಅದೇ ಹಗುರಾದರೆ ಹೇಗೆ?

ಟ್ರೇಲರ್ ನೆಟ್ಟಗೆ ಬರೋದಕ್ಕೆ ಮೂಕಿ ಭಾರ ಬೇಕು, ಕಾರು ಹೇಳಿದ ಮಾತು ಕೇಳೋದಕ್ಕೆ ಆ ಭಾರ ಬಾಲದ ಮೇಲೆ ಬೀಳಬಾರದು. ಈ ಜಗಳಕ್ಕೆ ನೂರು ವರ್ಷದಿಂದ ಪಂಚಾಯ್ತಿ ನಡೀತಾ ಇದೆ.

ಅಮೆರಿಕದಲ್ಲಿ ಮೋಟಾರು ಕಾರು ಸಾಮಾನ್ಯ ಜನರ ಕೈಗೆ ಸಿಕ್ಕಿದ್ದೇ ತಡ, ಜನ ಊರು ಬಿಟ್ಟು ತಿರುಗೋಕೆ ಶುರುಮಾಡಿದರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಅನ್ನೋ ಅಲೆಮಾರಿ ಪ್ರವಾಸಿಗರ ಸಂಘವೇ ಹುಟ್ಟಿತು. ಡೇರೆ, ಡಬ್ಬಿ ಊಟ, ಕಾರು. ಡೆಟ್ರಾಯ್ಟ್‌ನ ಆರ್ಥರ್ ಶರ್ಮನ್ ಅನ್ನೋ ಬ್ಯಾಕ್ಟೀರಿಯಾ ತಜ್ಞ ತನ್ನ ಕುಟುಂಬಕ್ಕೆ ಅಂತ ಗಟ್ಟಿ ಗೋಡೆಯ ಟ್ರೇಲರ್ ಕಟ್ಟಿಸಿ, ಆಮೇಲೆ ಅದನ್ನೇ ವ್ಯಾಪಾರ ಮಾಡಿಕೊಂಡ. 1930ರ ದಶಕದ ನಡುವಿಗೆ ಅವನ ಕಂಪನಿ ಆ ದೇಶದ ಅತಿ ದೊಡ್ಡ ಟ್ರೇಲರ್ ತಯಾರಕ ಆಗಿತ್ತು. ಆ ಕಂಪನಿಯ ಹೆಸರು 'ಕವರ್ಡ್ ವ್ಯಾಗನ್'. ಪಶ್ಚಿಮಕ್ಕೆ ವಲಸೆ ಹೋದವರ ಕಮಾನು ಗಾಡಿಯ ಹೆಸರು ಅದು. ಆ ಗಾಡಿಗಳನ್ನೂ ಬಹಳ ಕಡೆ ಎಳೆದದ್ದು ಎತ್ತುಗಳೇ. ಇನ್ನಿಪ್ಪತ್ತು ವರ್ಷದಲ್ಲಿ ಅರ್ಧ ಅಮೆರಿಕ ಟ್ರೇಲರಿನಲ್ಲೇ ವಾಸ ಮಾಡುತ್ತೆ ಅಂತ ರೋಜರ್ ಬ್ಯಾಬ್ಸನ್ ಅನ್ನೋ ಹೆಸರಾಂತ ಆರ್ಥಿಕ ಭವಿಷ್ಯಕಾರ ಹೇಳಿದ್ದೂ ಆಗಲೇ. ಹಾಗೇನೂ ಆಗಲಿಲ್ಲ. ಆದರೆ ಹಾಗೆ ಅನ್ನಿಸುವಷ್ಟು ಹುಚ್ಚು ಹಬ್ಬಿತ್ತು.

ಆಗಲೇ ಭಾರದ ಪ್ರಶ್ನೆಗೆ ಮೂರು ದಾರಿ ತೆರೆದಿದ್ದವು.

ಮೊದಲನೆಯದು, ಗಾಡಿಯನ್ನೇ ಹಗುರ ಮಾಡೋದು. ಹಾಲಿ ಬೌಲಸ್ ಅನ್ನೋನು ಗ್ಲೈಡರ್ ವಿಮಾನ ಕಟ್ಟುತ್ತಿದ್ದವನು. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನ ತಯಾರಾದಾಗ ಆ ಕೆಲಸದಲ್ಲಿ ಇದ್ದವನು. 1934ರಲ್ಲಿ ಅವನು ವಿಮಾನದ ಮೈಯಂಥದ್ದೇ ಅಲ್ಯೂಮಿನಿಯಂ ಟ್ರೇಲರ್ ಮಾಡಿದ, ಹೆಸರು 'ರೋಡ್ ಚೀಫ್'. ಅವನ ಕಂಪನಿ ಉಳಿಯಲಿಲ್ಲ. ಆ ವಿನ್ಯಾಸದ ದಾರಿ ಹಿಡಿದ ವಾಲಿ ಬೈಯಂ 1936ರಲ್ಲಿ 'ಏರ್‌ಸ್ಟ್ರೀಮ್ ಕ್ಲಿಪ್ಪರ್' ತಂದ. ಇವತ್ತಿಗೂ ರಸ್ತೆಯಲ್ಲಿ ಬೆಳ್ಳಿ ಬಣ್ಣದ ಮೊಟ್ಟೆ ಥರ ಹೋಗೋ ಏರ್‌ಸ್ಟ್ರೀಮ್ ಟ್ರೇಲರುಗಳ ಮೂಲ ಅದು.

ಎರಡನೆಯದು, ಕೊಂಡಿಯ ಜಾಗವನ್ನೇ ಬದಲಾಯಿಸೋದು. 1914ರಲ್ಲಿ ಡೆಟ್ರಾಯ್ಟ್‌ನ ಕಮ್ಮಾರ ಆಗಸ್ಟ್ ಫ್ರೂಹಾಫ್ ಬಳಿ ಒಬ್ಬ ಮರದ ವ್ಯಾಪಾರಿ ಬಂದು, ತನ್ನ ದೋಣಿಯನ್ನ ಫೋರ್ಡ್ ಕಾರಿಗೆ ಕಟ್ಟಿ ಎಳೆಯೋ ಗಾಡಿ ಬೇಕು ಅಂದ. ಫ್ರೂಹಾಫ್ ಮಾಡಿಕೊಟ್ಟ ಗಾಡಿಗೆ 'ಸೆಮಿ ಟ್ರೇಲರ್' ಅಂತ ಹೆಸರಾಯಿತು. ಇವತ್ತಿನ ದೊಡ್ಡ ಲಾರಿಗಳೆಲ್ಲ ಆ ವಂಶದವು. ಅದರ ಗುಟ್ಟು ಇಷ್ಟೇ: ಮೂಕಿಯ ಭಾರವನ್ನ ಬಾಲದ ಮೇಲಲ್ಲ, ಹಿಂದಿನ ಅಚ್ಚಿನ ಮೇಲೆ ಕೂರಿಸು. ಆಗ ಏತದ ಆಟವೇ ಇಲ್ಲ. ಎತ್ತಿನ ನೊಗದ ತತ್ವಕ್ಕೆ ಇದೇ ಹತ್ತಿರ. ವಿಮಾನಗಳಿಂದ ಹೆಸರು ಮಾಡಿದ ಗ್ಲೆನ್ ಕರ್ಟಿಸ್ 'ಏರೋಕಾರ್' ಅನ್ನೋ ಟ್ರೇಲರಿನಲ್ಲಿ ಇದೇ ಯೋಚನೆ ತಂದ. ಕಾರಿನ ಹಿಂಭಾಗದಲ್ಲಿ ವಿಮಾನದ ಟೈರೊಂದನ್ನ ಅಡ್ಡ ಮಲಗಿಸಿ, ಅದರೊಳಕ್ಕೆ ಟ್ರೇಲರಿನ ಮೂತಿ ಕೂರಿಸಿದ. ಕುಲುಕಾಟವನ್ನ ಟೈರೇ ನುಂಗೋದು. ಆದರೆ ಇದಕ್ಕೆ ಕಾರಿನ ಹಿಂಭಾಗವನ್ನೇ ಬಿಟ್ಟುಕೊಡಬೇಕು. ಸಂಸಾರ ಕೂರಿಸಿಕೊಂಡು ಹೋಗೋ ಸಾಮಾನ್ಯ ಕಾರಿಗೆ ಅದು ಆಗದ ಮಾತು.

ಮೂರನೆಯದು, ಬಹುಪಾಲು ಜನ ಹಿಡಿದ ದಾರಿ. ಬಾಲಕ್ಕೇ ಒಂದು ಉಕ್ಕಿನ ಗುಂಡು ಹಾಕಿ ಕಟ್ಟೋದು, ಆಮೇಲೆ ದೇವರಿದ್ದಾನೆ. ಆಗಿನ ರಸ್ತೆ, ಆಗಿನ ವೇಗಕ್ಕೆ ಹೆಚ್ಚಾಗಿ ಹೇಗೋ ನಡೀತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ನಡೆಯೋದು ಕಷ್ಟವಾಯಿತು. ಟ್ರೇಲರುಗಳು ಉದ್ದವಾದವು. ಕಾರುಗಳ ಬಾಲವೂ ಉದ್ದವಾಯಿತು, ಸ್ಪ್ರಿಂಗ್ ಮಾತ್ರ ಮೆತ್ತಗಾಯಿತು, ಕೂತವರಿಗೆ ಸುಖ ಅಂತ. 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾಯ್ದೆ ಬಂದು ರಸ್ತೆಗಳು ನೆಟ್ಟಗಾದವು, ವೇಗ ಏರಿತು. ಆ ಕಾಲದ ಭಯ ನೋಡಬೇಕಾದರೆ 1954ರ 'ದ ಲಾಂಗ್, ಲಾಂಗ್ ಟ್ರೇಲರ್' ಸಿನಿಮಾ ನೋಡಿ. ಲೂಸಿಲ್ ಬಾಲ್, ಡೆಸಿ ಅರ್ನಾಜ್ ಹೊಸ ಮದುವೆ ಜೋಡಿ. 36 ಅಡಿ ಉದ್ದದ ಟ್ರೇಲರ್ ಎಳೆದುಕೊಂಡು ಹೊರಡ್ತಾರೆ. ಹೋದ ಕಡೆಯಲ್ಲೆಲ್ಲ ನೆನಪಿಗೆ ಅಂತ ಅವಳು ಒಂದೊಂದು ಕಲ್ಲು ಎತ್ತಿಕೊಳ್ತಾಳೆ. ಬೆಟ್ಟ ಹತ್ತೋ ಮುಂಚೆ ಗಂಡ ಎಲ್ಲ ಬಿಸಾಕು ಅಂದರೆ ಅವನಿಗೆ ಗೊತ್ತಾಗದ ಹಾಗೆ ಒಳಗೇ ಬಚ್ಚಿಡ್ತಾಳೆ. ಮುಂದಿನದು ನಗೆ. ಆದರೆ ಹೆದ್ದಾರಿಯಲ್ಲಿ ಒಮ್ಮೆ ಟ್ರೇಲರ್ ಆಡಿಸಿದವನಿಗೆ ಆ ದೃಶ್ಯದಲ್ಲಿ ನಗು ಬರಲ್ಲ. ಗಾಡಿಯೊಳಗೆ ಎಷ್ಟು ಭಾರ ಇದೆ, ಎಲ್ಲಿದೆ ಅಂತ ಓಡಿಸೋನಿಗೇ ಗೊತ್ತಿಲ್ಲದಿರೋದು ಆ ಕಥೆಯ ಅಸಲಿ ವಿಷಯ.

ಬಾಲ ಕುಸಿದ ಕಾರಿಗೆ ಜನ ಮೊದಲು ಮಾಡಿದ ಮದ್ದು, ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡೋದು. ಗಟ್ಟಿ ಸ್ಪ್ರಿಂಗ್, ಗಾಳಿ ತುಂಬಿದ ಚೀಲ. ಬಾಲ ಮೇಲೆದ್ದಿತು, ಕಾರು ಮಟ್ಟಸವಾಗಿ ಕಂಡಿತು. ಆದರೆ ಮುಂದಿನ ಚಕ್ರದಿಂದ ಹೋದ 140 ಕೆ.ಜಿ. ವಾಪಸ್ ಬಂತಾ? ಒಂದು ಕೆ.ಜಿ.ಯೂ ಬರಲಿಲ್ಲ. ಸ್ಪ್ರಿಂಗ್ ಎತ್ತರ ಬದಲಾಯಿಸುತ್ತೆ, ಭಾರ ಎಲ್ಲಿದೆಯೋ ಅಲ್ಲೇ ಇರುತ್ತೆ. ಇವತ್ತಿಗೂ ಬಹಳ ಜನ ಇದೇ ತಪ್ಪು ಮಾಡ್ತಾರೆ.

1950ರ ದಶಕದಲ್ಲಿ ಬೇರೆ ಥರದ ಮದ್ದು ಪೇಟೆಗೆ ಬಂತು. ಆಗ ಅದನ್ನ 'ಲೋಡ್ ಈಕ್ವಲೈಜರ್' ಅಂತಲೂ ಕರೀತಿದ್ದರು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಅನ್ನೋ ಊರು ಆ ಹೊತ್ತಿಗೆ ಟ್ರೇಲರ್ ತಯಾರಿಕೆಯ ತವರಾಗಿತ್ತು, ಈಗಲೂ ಹಾಗೇ ಇದೆ. ರೀಸ್, ಈಜ್-ಲಿಫ್ಟ್ ಮುಂತಾದ ಹೆಸರುಗಳು ಟ್ರೇಲರ್ ಜನರ ಬಾಯಲ್ಲಿ ನಿಂತವು.

ಅದರ ಕೆಲಸ ಅರ್ಥ ಆಗಬೇಕಾದರೆ ಕಟ್ಟಡದ ಕೆಲಸದವರ ಒಂದೇ ಚಕ್ರದ ತಳ್ಳುಗಾಡಿ ನೆನಪು ಮಾಡಿಕೊಳ್ಳಿ. ಹಿಂದಿನ ಎರಡು ಹಿಡಿ ಹಿಡಿದು ಎತ್ತಿದರೆ ಭಾರ ಮುಂದಿನ ಚಕ್ರದ ಮೇಲೆ ಹೋಗುತ್ತೆ ತಾನೇ? ಕಾರಿನ ಬಾಲಕ್ಕೂ ಅಂಥ ಎರಡು ಹಿಡಿ ಹಾಕಿದರು. ಹಿಚ್‌ನಿಂದ ಟ್ರೇಲರಿನ ಮೂಕಿಯ ಅಡಿಯಲ್ಲಿ ಹಿಂದಕ್ಕೆ ಚಾಚೋ ಎರಡು ಉಕ್ಕಿನ ಸ್ಪ್ರಿಂಗ್ ಬಾರ್‌ಗಳು ಅವು. ಅವುಗಳ ತುದಿಯನ್ನ ಸರಪಳಿಯಲ್ಲಿ ಮೇಲಕ್ಕೆ ಎಳೆದು ಮೂಕಿಗೆ ಬಿಗಿದರೆ, ಇಬ್ಬರು ಆಳುಗಳು ಹಿಡಿ ಹಿಡಿದು ಕಾರಿನ ಬಾಲ ಎತ್ತಿದ ಹಾಗೆ. ಹಿಂದಿನ ಚಕ್ರದ ಭಾರ ಇಳಿಯುತ್ತೆ, ಮುಂದಿನ ಚಕ್ರಕ್ಕೆ ಭಾರ ಬರುತ್ತೆ. ಆ 'ಆಳುಗಳು' ಟ್ರೇಲರಿನ ಮೂಕಿಗೆ ಜೋತುಬಿದ್ದಿರೋದರಿಂದ ಒಂದಷ್ಟು ಭಾರ ಟ್ರೇಲರಿನ ಚಕ್ರಕ್ಕೂ ಹೋಗುತ್ತೆ.

ಅಪ್ಪನ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ನನ್ನ ಕಾರಿನ 300 ಕೆ.ಜಿ. ಮೂಕಿ ಭಾರಕ್ಕೆ ಬಾರ್‌ಗಳನ್ನ ಸರಿಯಾಗಿ ಬಿಗಿದರೆ ಲೆಕ್ಕ ಸುಮಾರು ಹೀಗಾಗುತ್ತೆ. ಮುಂದಿನ ಚಕ್ರಗಳಿಗೆ 75 ಕೆ.ಜಿ. ವಾಪಸ್, ಹಿಂದಿನ ಚಕ್ರಗಳಿಂದ 125 ಕೆ.ಜಿ. ಇಳಿಕೆ, ಟ್ರೇಲರಿನ ಚಕ್ರಗಳಿಗೆ 50 ಕೆ.ಜಿ. ಏರಿಕೆ. ಕೂಡಿಸಿ ಕಳೆದರೆ ಅದೇ 300. ಒಂದು ಗ್ರಾಂ ಕೂಡ ಕಾಣೆಯಾಗಿಲ್ಲ.

ಇಲ್ಲಿಗೆ ಕಥೆ ಮುಗೀಬೇಕಿತ್ತು. ಮುಗಿಯಲಿಲ್ಲ. ಭಾರ ಹಂಚೋದು ಬೇರೆ, ಬಾಲ ಅಲ್ಲಾಡೋದನ್ನ ತಡೆಯೋದು ಬೇರೆ. ಒಂದೇ ಹಿಚ್ ಎರಡನ್ನೂ ಮಾಡಲಿ ಅಂತ ಕಂಪನಿಗಳು ಒಂದರ ಮೇಲೊಂದು ಉಪಾಯ ಹೂಡಿದವು. ಮೊದಲ ಬಗೆ, ಕಾರಿಗೂ ಟ್ರೇಲರಿಗೂ ನಡುವೆ ಒಂದು ಪಟ್ಟಿ ಹಾಕಿ ಬ್ರೇಕ್ ಪ್ಯಾಡಿನ ಥರ ಉಜ್ಜಿಸೋದು. ಆಡೋಕೆ ಹೊರಟರೆ ಘರ್ಷಣೆ ತಡೆಯುತ್ತೆ. ಎರಡನೆಯ ಬಗೆ, ಸ್ಪ್ರಿಂಗ್ ಬಾರ್‌ಗಳ ತುದಿಯನ್ನೇ ಬಿಗಿಯಾದ ಆಸರೆಯ ಮೇಲೆ ಉಜ್ಜಿಸೋದು, ಅಥವಾ ನೆಟ್ಟಗಿದ್ದಾಗ ಒಂದು ಗುಳಿಯಲ್ಲಿ ಕೂತು ತಿರುಗಿದಾಗ ಮಾತ್ರ ಏಳೋ ಹಾಗೆ ಮಾಡೋದು. ಮೂರನೆಯ ಬಗೆ 1990ರ ದಶಕದ್ದು, ಜಿಮ್ ಹೆನ್ಸ್‌ಲಿ ಅನ್ನೋನ ವಿನ್ಯಾಸ. ಕೊಂಡಿಯ ಜಾಗದಲ್ಲಿ ಒಂದರೊಳಗೊಂದು ಜೋಡಿಸಿದ ಉಕ್ಕಿನ ತೋಳುಗಳು. ಕೊಂಡಿ ಇರೋದು ಬಾಲದಲ್ಲೇ. ಆದರೆ ಟ್ರೇಲರ್ ಕಾರನ್ನ ಪಕ್ಕಕ್ಕೆ ತಳ್ಳೋಕೆ ನೋಡಿದಾಗ ತಿರುಗೋ ಬಿಂದು ಮುಂದೆ, ಹಿಂದಿನ ಅಚ್ಚಿನ ಹತ್ತಿರ ಇದ್ದ ಹಾಗೆ ವರ್ತಿಸುತ್ತೆ. 1914ರಲ್ಲಿ ಕಮ್ಮಾರ ಫ್ರೂಹಾಫ್ ಭಾರವನ್ನ ಅಚ್ಚಿನ ಮೇಲೆ ಕೂರಿಸಿ ಪಡೆದ ನೆಮ್ಮದಿಯಲ್ಲಿ ಅರ್ಧವನ್ನ ಇದು ಕಾರಿನ ಮೈ ಮುಟ್ಟದೆ ಕೊಡುತ್ತೆ. ಬೆಲೆ ಮಾತ್ರ ಮಿಕ್ಕವುಗಳ ಹಲವು ಪಟ್ಟು.

ಇಷ್ಟರ ನಡುವೆ ಎಂಜಿನಿಯರುಗಳು ಇನ್ನೊಂದು ಸಂಗತಿ ಅಳೆದಿದ್ದರು. ಹಳೆಯ ರೂಢಿ ಹೇಗಿತ್ತು ಅಂದರೆ, ಕಾರಿನ ಮುಂದೆ ಹಿಂದೆ ಒಂದೇ ಸಮ ಕುಸಿಯೋವರೆಗೂ ಬಾರ್ ಬಿಗಿಯೋದು. ಪೂರ್ತಿ ಮಟ್ಟಸ ಕಂಡರೆ ಪೂರ್ತಿ ಕ್ಷೇಮ. ಕಾರು-ಟ್ರೇಲರ್ ಜೋಡಿಯನ್ನ ತಿರುವುಗಳಲ್ಲಿ ಓಡಿಸಿ ನೋಡಿದಾಗ ಗೊತ್ತಾದದ್ದೇ ಬೇರೆ. ತೀರಾ ಬಿಗಿದರೆ ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತೆ, ಟ್ರೇಲರ್ ತಳ್ಳಿದಾಗ ಕಾರಿನ ಹಿಂಭಾಗ ಜಾರೋ ಸಂಭವ ಹೆಚ್ಚುತ್ತೆ. ಹಾಗಾಗಿ ಇವತ್ತು ಹಲವು ವಾಹನಗಳ ಕೈಪಿಡಿಯಲ್ಲಿ, ಮುಂದಿನ ಚಕ್ರ ಕಳಕೊಂಡ ಭಾರದಲ್ಲಿ ಅರ್ಧದಷ್ಟು ವಾಪಸ್ ತಂದರೆ ಸಾಕು ಅಂತ ಇರುತ್ತೆ. ಕೆಲವು ವಾಹನಗಳಿಗೆ ಇಂಥ ಹಿಚ್ ಹಾಕಲೇಬೇಡಿ ಅಂತಲೂ ಇರುತ್ತೆ. ಎಳೆಯೋ ಶಕ್ತಿಯ ಅಂಕಿಗಳನ್ನ ಒಬ್ಬೊಬ್ಬ ತಯಾರಕ ಒಂದೊಂದು ಥರ ಹೇಳ್ತಿದ್ದ ಕಾಲ ಒಂದಿತ್ತು. 2008ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ, ಜೆ2807 ಅನ್ನೋ ಸಾಮಾನ್ಯ ಪರೀಕ್ಷಾ ಕ್ರಮ ಪ್ರಕಟಿಸಿತು. 2011ರ ಮಾಡೆಲ್‌ಗೆ ಟೊಯೊಟಾ ಮೊದಲು ಒಪ್ಪಿಕೊಂಡಿತು, ಡೆಟ್ರಾಯ್ಟ್‌ನವರು ಆಮೇಲೆ ಬಂದರು.

ಯುರೋಪಿನವರು ಇದೇ ಜಗಳವನ್ನ ಬೇರೆ ಥರ ಬಗೆಹರಿಸಿಕೊಂಡಿದ್ದಾರೆ. ಅಲ್ಲಿನ ಕಾರುಗಳು ಕೊಂಡಿ ಮೇಲೆ ಹೊರೋದು ಸಾಮಾನ್ಯವಾಗಿ 75ರಿಂದ 100 ಕೆ.ಜಿ. ಮಾತ್ರ. ಟ್ರೇಲರ್ ಹಗುರ, ಒಳಗಿನ ಭಾರವೆಲ್ಲ ಅಚ್ಚಿನ ಹತ್ತಿರ. ಜೊತೆಗೆ ವೇಗಕ್ಕೇ ಕಡಿವಾಣ: ಬ್ರಿಟನ್ನಿನ ಮೋಟಾರ್‌ವೇಯಲ್ಲಿ ಟ್ರೇಲರ್ ಎಳೆಯೋರಿಗೆ ಗಂಟೆಗೆ 60 ಮೈಲಿ, ಜರ್ಮನಿಯಲ್ಲಿ ಸಾಮಾನ್ಯವಾಗಿ 80 ಕಿ.ಮೀ., ಪರವಾನಗಿ ಇದ್ದರೆ 100. ಅಮೆರಿಕದವರಿಗೆ ದೊಡ್ಡ ಮನೆಯೂ ಬೇಕು, ವೇಗವೂ ಬೇಕು. ಅದಕ್ಕೇ ಈ ಉಕ್ಕಿನ ಸರ್ಕಸ್ಸು.

ಈ ಓದಿನ ನಡುವೆ ನಮ್ಮ ಬೆಂಗಳೂರಿನದೇ ಒಂದು ಹೆಸರು ನೆನಪಾಯಿತು. ಐಐಎಂ ಬೆಂಗಳೂರಿನ ಸ್ಥಾಪಕ ನಿರ್ದೇಶಕ ಎನ್. ಎಸ್. ರಾಮಸ್ವಾಮಿ. ಮ್ಯಾನೇಜ್‌ಮೆಂಟ್ ಓದಿಸೋ ಸಂಸ್ಥೆಯ ಮುಖ್ಯಸ್ಥರು 1970ರ ದಶಕದಲ್ಲಿ ಎತ್ತಿನ ಗಾಡಿಯನ್ನ ಗಂಭೀರ ಅಧ್ಯಯನದ ವಿಷಯ ಮಾಡಿಕೊಂಡರು. ಆಮೇಲೆ ಅದಕ್ಕಾಗಿಯೇ 'ಕಾರ್ಟ್‌ಮ್ಯಾನ್' ಅನ್ನೋ ಸಂಸ್ಥೆಯನ್ನೂ ಕಟ್ಟಿದರು. ಹಳ್ಳಿಯ ಸಾಗಾಟದ ದೊಡ್ಡ ಪಾಲು ಎತ್ತಿನ ಮೇಲೇ ನಿಂತಿದೆ, ಆದರೂ ಗಾಡಿಯ ವಿನ್ಯಾಸದ ಬಗ್ಗೆ ದೇಶ ತಲೆ ಕೆಡಿಸಿಕೊಂಡಿಲ್ಲ ಅನ್ನೋದು ಅವರ ತಕರಾರು. ಕೊರಳ ಮೇಲೆ ಕೂರೋ ಭಾರ, ಹೆಗಲು ಸುಲಿಯೋ ನೊಗ, ಒಳ್ಳೆ ನೊಗ, ಬೇರಿಂಗ್, ಗಾಳಿ ಟೈರು ಇವೆಲ್ಲ ಅವರ ಕೆಲಸದ ವಿಷಯಗಳು. ಎಲ್ಕ್‌ಹಾರ್ಟ್‌ನ ಹಿಚ್ ತಯಾರಕರು ಕಾರಿನ ಮುಂಚಕ್ರದ ಬಗ್ಗೆ ಕೇಳಿದ್ದನ್ನೇ ಅವರು ಎತ್ತಿನ ಹೆಗಲ ಬಗ್ಗೆ ಕೇಳಿದ್ದರು. ಬೆಂಗಳೂರಲ್ಲಿ ಎಷ್ಟೋ ವರ್ಷ ಆ ಕ್ಯಾಂಪಸ್ಸಿನ ಮುಂದೆ ಓಡಾಡಿದೀನಿ, ಆಗ ಇದ್ಯಾವುದೂ ನನಗೆ ಬೇಕಾಗಿರಲಿಲ್ಲ.

ಹಿಂಭಾರ ಆಗೋದು ಅಂದರೆ ಏನು ಅಂತ ನಾನು ಕಣ್ಣಾರೆ ನೋಡಿದ್ದೆ. ಮರೆತಿದ್ದೆ. ನಾನು ಆಗ ಮೂರನೇ ಕ್ಲಾಸು. ಕಬ್ಬಿನ ಗಾಡಿ, ಕೆರೆ ಏರಿ ಹತ್ತೋ ಜಾಗ. ಹೇರಿದ್ದ ಕಬ್ಬು ಹಗ್ಗ ಸಡಿಲಾಗಿ ಹಿಂದಕ್ಕೆ ಜಾರಿತು. ಮೂಕಿ ಸೊಯ್ಯಂತ ಮೇಲೆದ್ದಿತು. ಎರಡೂ ಎತ್ತಿನ ಮುಂಗಾಲು ನೆಲ ಬಿಟ್ಟವು, ಒಂದು ಎತ್ತು ಕೊರಳಿನ ಹಗ್ಗದಲ್ಲಿ ನೇತಾಡೋ ಹಾಗಾಯಿತು. ಅದರ ಕಣ್ಣು ಹೊರಗೆ ಬಂದಿದ್ದು ಈಗಲೂ ಕಾಣುತ್ತೆ. ತಾತ ಸೊಂಟದ ಕುಡುಗೋಲು ತೆಗೆದು ಹಗ್ಗ ಕುಯ್ದರು. ಎತ್ತು ಬದುಕಿತು, ಆದರೆ ಆ ವರ್ಷ ಗಾಡಿಗೆ ಕಟ್ಟಲಿಲ್ಲ. ಟೆಕ್ಸಸ್‌ನ ರಸ್ತೆ ಬದಿಯಲ್ಲಿ ಅಪ್ಪ ಟ್ರೇಲರ್ ಸುತ್ತ ಮಾತಾಡದೆ ಒಂದು ಸುತ್ತು ಹಾಕಿದರಲ್ಲ, ಆಗ ಅವರ ತಲೆಯಲ್ಲಿ ಇದ್ದದ್ದು ಆ ಎತ್ತು. ಅದು ನನಗೆ ಹೊಳೆದದ್ದು ತಡವಾಗಿ.

ಮಾರನೇ ದಿನ ಲಾರಿಗಳು ನಿಲ್ಲೋ ಒಂದು ತಾಣದಲ್ಲಿ, ಅಚ್ಚು ಅಚ್ಚಿಗೂ ಬೇರೆ ಬೇರೆ ತೂಕ ತೋರಿಸೋ ದೊಡ್ಡ ತಕ್ಕಡಿ ಮೇಲೆ ಗಾಡಿ ಹತ್ತಿಸಿದೆ. ಮೂಕಿ ಭಾರ 195 ಕೆ.ಜಿ. ಟ್ರೇಲರಿನ ಒಟ್ಟು ತೂಕ 2,450. ಬರೀ 8 ಪರ್ಸೆಂಟ್! ಹಿಂದೆ ನಾಲ್ಕು ಸೈಕಲ್ಲು, ಅಚ್ಚಿನ ಹಿಂದಿರೋ ತೊಟ್ಟಿ ತುಂಬ 150 ಲೀಟರ್ ನೀರು. ಎರಡೂ ಸೇರಿ ಮೂಕಿಯನ್ನ ಮೇಲಕ್ಕೆ ಎತ್ತಿ ಹಿಡಿದಿದ್ದವು. ಅದರ ಮೇಲೆ ಅಂಗಡಿಯಲ್ಲಿ ಬಾರ್‌ಗಳನ್ನ ಬಲವಾಗಿ ಬಿಗಿದಿದ್ದರು. ಕಾರು ಮಟ್ಟಸವಾಗಿ ನಿಂತಿತ್ತು, ನಿಜ. ಆ ಮಟ್ಟಸವೇ ನನ್ನ ಕಣ್ಣು ಕಟ್ಟಿತ್ತು.

ಅಲ್ಲೇ ನೀರು ಖಾಲಿ ಮಾಡಿದೆವು. ಸೈಕಲ್ಲುಗಳು ಪರಿಚಯದವರೊಬ್ಬರ ಮನೆಯಲ್ಲಿ ಉಳಿದವು. ಡಬ್ಬಿ, ಅಕ್ಕಿ ಚೀಲ, ಅಮ್ಮನ ಉಪ್ಪಿನಕಾಯಿ ಜಾಡಿ ಎಲ್ಲ ಮುಂದಿನ ಅರೆಗೆ ಬಂದವು. ಯಾವುದು ಎಲ್ಲಿಡಬೇಕು ಅಂತ ಹೇಳಿದ್ದು ಅಪ್ಪ, ಹೊತ್ತದ್ದು ನಾನು. ಮತ್ತೆ ತೂಗಿದರೆ ಟ್ರೇಲರಿನ ಒಟ್ಟು ತೂಕ ಸುಮಾರು 2,230ಕ್ಕೆ ಇಳಿದಿತ್ತು, ಮೂಕಿ ಭಾರ 300ಕ್ಕೆ ಏರಿತ್ತು. ಗಾಡಿ ಹಗುರಾಯಿತು, ಮೂಕಿ ಭಾರವಾಯಿತು. ಆಮೇಲೆ ಕಾರಿನ ಮುಂದಿನ ಚಕ್ರಗಳದ್ದೇ ಮೂರು ತೂಕ ಬರೆದುಕೊಂಡೆ. ಬರೀ ಕಾರು: 1,350 ಕೆ.ಜಿ. ಟ್ರೇಲರ್ ಕಟ್ಟಿ, ಬಾರ್ ಹಾಕದೆ: 1,210. ಬಾರ್ ಬಿಗಿದು: ಮೊದಲ ಸಲ ತೀರಾ ಜಾಸ್ತಿ ಬಂತು, ಸರಪಳಿಯ ಒಂದು ಕೊಂಡಿ ಸಡಿಲಿಸಿದೆ, 1,285ಕ್ಕೆ ನಿಂತಿತು. ಹೋದದ್ದು 140, ಬಂದದ್ದು 75. ನನ್ನ ಕಾರಿನ ಕೈಪಿಡಿ ಕೇಳಿದ್ದು ಅಷ್ಟೇ.

ಮೊದಲ ಟ್ರೇಲರ್ ಕೊಳ್ಳೋ ಗೆಳೆಯರು ಈಗ ನನ್ನನ್ನ ಯಾವ ಹಿಚ್ ಅಂತ ಕೇಳಿದರೆ ಬ್ರ್ಯಾಂಡ್ ಹೆಸರು ಕೊನೆಗೆ ಹೇಳ್ತೀನಿ. ಮೊದಲು ಕಾರಿನ ಕೈಪಿಡಿ ತೆಗೆದು, ಇಂಥ ಹಿಚ್ ಹಾಕಬಹುದಾ, ಮುಂದಿನ ಚಕ್ರಕ್ಕೆ ಎಷ್ಟು ಭಾರ ವಾಪಸ್ ತರಬೇಕು ಅಂತ ನೋಡಿ. ಕಾರಿನ ಬಾಗಿಲ ಚೌಕಟ್ಟಿನಲ್ಲಿ ಒಂದು ಚೀಟಿ ಇರುತ್ತೆ, ಜನ ಸಾಮಾನು ಸೇರಿ ಎಷ್ಟು ಹೊರಬಹುದು ಅಂತ. ಮೂಕಿ ಭಾರವೂ ಆ ಲೆಕ್ಕದೊಳಗೇ ಬರಬೇಕು, ಹಿಚ್‌ನ ಸ್ವಂತ ತೂಕವೂ ಬರಬೇಕು. ಮಾರಾಟದ ಕಾಗದದಲ್ಲಿರೋ ಮೂಕಿ ಭಾರ ಖಾಲಿ ಟ್ರೇಲರಿನದು, ಅದನ್ನ ನಂಬಬೇಡಿ. ಊರಿಗೆ ಹೊರಡೋ ಥರ ತುಂಬಿಸಿ ತೂಗಿ. ಆ ಅಂಕಿಗೆ ಹೊಂದೋ ಸ್ಪ್ರಿಂಗ್ ಬಾರ್ ಆರಿಸಿ. ತೀರಾ ಗಟ್ಟಿ ಬಾರ್ ಹಾಕಿದರೆ ಗಾಡಿ ಒರಟಾಗಿ ಕುಲುಕುತ್ತೆ, ತೀರಾ ಮೆತ್ತಗಿದ್ದರೆ ಕೆಲಸ ಮಾಡಲ್ಲ. ಸ್ವೇ ತಡೆಯೋ ವ್ಯವಸ್ಥೆ ಇರೋದನ್ನೇ ತಗೊಳ್ಳಿ, ಆದರೆ ತಪ್ಪು ಹೇರಿದ ಗಾಡಿಯನ್ನ ಅದು ಸರಿಮಾಡುತ್ತೆ ಅಂತ ಅಂದುಕೊಳ್ಳಬೇಡಿ. ಆಮೇಲೆ ಮೂರು ಸಲ ತೂಗಿ.

ಅಪ್ಪ ಊರಿಗೆ ಹೋಗಿ ತಿಂಗಳುಗಳಾದವು. ನಮ್ಮನೇಲಿ ಈಗ ಎತ್ತೂ ಇಲ್ಲ, ಗಾಡಿಯೂ ಇಲ್ಲ, ಮೂಕಿ ಮಾತ್ರ ಕೊಟ್ಟಿಗೆಯ ಅಟ್ಟದ ಮೇಲೆ ಇದೆ. ಮೊನ್ನೆ ಇನ್ನೊಂದು ಪ್ರವಾಸಕ್ಕೆ ಹೊರಡೋ ಮುಂಚೆ ವಿಡಿಯೋ ಕಾಲ್ ಮಾಡಿದ್ದೆ. ಮಗಳು ಫೋನ್ ಹಿಡಕೊಂಡು ಟ್ರೇಲರ್ ಸುತ್ತ ಒಂದು ಸುತ್ತು ಹಾಕಿ ತಾತನಿಗೆ ತೋರಿಸಿದಳು. ಹೊಸ ಬಣ್ಣ, ಹೊಸ ಕಿಟಕಿ ಪರದೆ ಯಾವುದನ್ನೂ ಅವರು ನೋಡಲಿಲ್ಲ.

"ಹಿಂದೆ ಏನ್ ಕಟ್ಟೀರಿ, ಅದ್ ತೋರ್ಸವ್ವ" ಅಂದರು.